ನೆದರು ಇಳಿಸುವ ಕಮ್ಮಟ: ಕಟ್ಟಿದ್ದು, ಕೆಟ್ಟಿದ್ದು, ಮತ್ತೆ ಕಟ್ಟಿದ್ದು

ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿದೆ. ಹಳೆಯ ಮನೆ, ಮುಂದೆ ಶಹಾಬಾದ್ ಫರಸಿ ಹಾಸಿದ ಉದ್ದನೆಯ ಪಡಸಾಲೆ. ಹನ್ನೊಂದು ವರ್ಷದಿಂದ ಅಲ್ಲಿ ಹೊಲಿಗೆ ಕಲಿಸುತ್ತಿದ್ದೇನೆ. ಈ ಮಳೆಗಾಲದಲ್ಲಿ ಎರಡು ಭಾನುವಾರ ಮಷಿನ್‌ಗಳನ್ನೆಲ್ಲ ಗೋಡೆಗೆ ಸರಿಸಿ, ಅದೇ ಪಡಸಾಲೆಯಲ್ಲಿ ನೆದರು ಇಳಿಸುವುದನ್ನು, ಅಂದರೆ ಕೂಸಿಗೆ ಬಿದ್ದ ಕೆಟ್ಟ ಕಣ್ಣಿನ ದೃಷ್ಟಿ ತೆಗೆಯುವುದನ್ನು, ಕೈಯಾರೆ ಮಾಡಿ ಕಲಿಯುವ ಕಮ್ಮಟ ನಡೆಸಿದೆವು. ಮೊದಲನೆಯ ಭಾನುವಾರ ನಮ್ಮಿಂದ ಒಂದು ಮನೆಗೆ ನೋವಾಯಿತು. ಎರಡನೆಯದಕ್ಕೆ ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆವು. ಬೇರೆ ಊರಿನಲ್ಲಿ ಯಾರಾದರೂ ಇಂಥದ್ದು ಮಾಡಬೇಕೆಂದಿದ್ದರೆ ನಮ್ಮ ತಪ್ಪು ಅವರಿಂದ ಆಗದಿರಲಿ ಎಂದು, ಸಾಮಾನಿನ ಲೆಕ್ಕದಿಂದ ಹಿಡಿದು ನಡೆದದ್ದೆಲ್ಲ ಬರೆದಿಡುತ್ತಿದ್ದೇನೆ.

ಶುರುವಾದದ್ದು ಹೊಲಿಗೆಗೆ ಬರುವ ಒಬ್ಬ ಹುಡುಗಿಯಿಂದ. ಐದು ತಿಂಗಳ ಕೂಸನ್ನು ಬಗಲಲ್ಲಿ ಎತ್ತಿಕೊಂಡೇ ಬರುತ್ತಿದ್ದಳು. ಒಂದು ಮಧ್ಯಾಹ್ನ ಕೂಸು ಅಳು ನಿಲ್ಲಿಸಲೇ ಇಲ್ಲ. ಜ್ವರ ಇರಲಿಲ್ಲ, ಹೊಟ್ಟೆ ಮೆತ್ತಗಿತ್ತು, ಇರುವೆ ಗಿರುವೆ ಏನೂ ಕಚ್ಚಿರಲಿಲ್ಲ. "ಅಕ್ಕಾ, ನೆದರ ಆಗ್ಯಾದೇನೋ. ಇಳಸಲಕ್ ನನಗ ಬರಂಗಿಲ್ರಿ. ಅತ್ತಿ ಪುಣೇದಾಗ ಅದಾರ, ನಮ್ಮವ್ವ ಇಲ್ಲ. ಮೊಬೈಲ್‌ನಾಗ ನೋಡಿ ಮಾಡಿದ್ರ ನಡೀತದೇನ್ರಿ?" ಎಂದಳು. ಅವಳ ಮೊಬೈಲ್‌ನಲ್ಲಿದ್ದ ವಿಡಿಯೋ ಕೂಸಿನ ಕಣ್ಣಿಗೆ ಸುರ್ಮಾ ಹಚ್ಚಲು ಹೇಳುತ್ತಿತ್ತು. ಪೇಟೆಯಲ್ಲಿ ಸಿಗುವ ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ, ಎಳೆ ಮಕ್ಕಳಿಗೆ ಅದು ವಿಷ. ನಮ್ಮ ಆಯಿಯ ಕಾಲದಲ್ಲಿ ಒಲೆಯ ಪಕ್ಕ ಕೂತು ನೋಡುತ್ತಲೇ ಕಲಿತುಬಿಡುತ್ತಿದ್ದ ಕೆಲಸ ಇದು. ನೋಡಿ ಕಲಿಯಲು ಮನೆಯಲ್ಲಿ ಹಿರಿಯರೇ ಇಲ್ಲದಾಗ ಆ ಜಾಗದಲ್ಲಿ ಮೊಬೈಲ್ ಬಂದು ಕೂತಿದೆ.

ನನಗೆ ಈ ಕೆಲಸದ ಮೇಲೆ ಪ್ರೀತಿ ಇದೆ, ಮುಚ್ಚಿಡುವುದಿಲ್ಲ. ಉಪ್ಪು ಹಿಡಿದ ಮುಷ್ಟಿ ಕೂಸಿನ ಸುತ್ತ ತಿರುಗುವ ಆ ಎರಡು ನಿಮಿಷ ಮನೆಯವರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಒಂದು ಕಡೆ ಸೇರುತ್ತಾರೆ. ದಣಿದ ಬಾಣಂತಿಯ ತೊಡೆಯಿಂದ ಕೂಸು ಇನ್ನೊಬ್ಬರ ತೊಡೆಗೆ ಹೋಗುತ್ತದೆ. ಜ್ವರ, ಭೇದಿ, ಉಸಿರಾಟದ ತೊಂದರೆ ಏನೇ ಇದ್ದರೂ ಮೊದಲು ದವಾಖಾನೆ. ಇದನ್ನು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ ಮೇಲೆಯೇ ಮಿಕ್ಕ ತಯಾರಿಗೆ ಕೈ ಹಚ್ಚಿದೆ.

ಕಲಿಸುವವರು

ಮೂವರನ್ನು ಕೇಳಿದೆ. ಮೊದಲನೆಯವರು ಆಳಂದ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ದೊಡ್ಡವ್ವ. ಎಪ್ಪತ್ತು ದಾಟಿದೆ, ಓಣಿಯ ಅರ್ಧ ಮಕ್ಕಳಿಗೆ ಆಕೆಯ ಕೈಯೇ ನಿವಾಳಿಸಿದ್ದು. ಎರಡನೆಯವರು ಬಂದೇ ನವಾಜ್ ದರ್ಗಾದ ಕಡೆಯ ಓಣಿಯಲ್ಲಿರುವ ಒಬ್ಬ ಆಪಾ. ಲೋಬಾನದ ಹೊಗೆ ಕೊಟ್ಟು, ಓದಿ ಊದುತ್ತಾರೆ. ಮೂರನೆಯವರು ಲಂಬಾಣಿ ತಾಂಡಾದಿಂದ ತರಕಾರಿ ತರುವ ಯಾಡಿ (ಅವರ ಮಾತಿನಲ್ಲಿ ಅವ್ವ). ಕನ್ನಡಿ, ಕವಡೆ ಕೂಡಿಸಿ ಹೊಲಿಯುವುದರಲ್ಲಿ ನನಗೇ ಗುರು. ಬಿದ್ದ ಕಣ್ಣನ್ನು ಕನ್ನಡಿ ಹೊಳ್ಳಿಸಿ ಕಳಿಸುತ್ತದೆ ಎಂಬುದು ಅವರ ಮಾತು. ಮೂವರಿಗೂ ದಿನಗೂಲಿ ಮೊದಲೇ ಗೊತ್ತುಮಾಡಿ ಕೈಗೆ ಕೊಟ್ಟೆವು. ಅಜ್ಜಿಯರ ತಿಳುವಳಿಕೆ ಎಂದರೆ ಪುಕ್ಕಟೆ ಸಿಗುವಂಥದ್ದು ಎಂಬ ಮಾತು ನನಗೆ ಸೇರುವುದಿಲ್ಲ.

ದೊಡ್ಡವ್ವ ಒಂದು ಕರಾರು ಹಾಕಿದಳು. "ಕೈ ಕಲಸ್ತೀನಿ, ಮಂತ್ರ ಕಲಸಂಗಿಲ್ಲ. ಅದು ಗ್ರಹಣದಾಗ ಕಿವಿಗಿ ಹೇಳೋದು. ಹದಿನೆಂಟು ಮಂದಿ ಕುಂಡ್ರಿಸಿ ಹೇಳಿದ್ರ ಅದು ಮಂತ್ರ ಆಗಿ ಉಳೀತದೇನು?" ಒಪ್ಪಿಕೊಂಡೆವು. ಇದರಿಂದ ನಮಗೇ ಒಳ್ಳೆಯದಾಯಿತು. ಮುಷ್ಟಿ ಹಿಡಿಯುವುದು, ದಾರ ಹೆಣೆಯುವುದು, ಕಾಡಿಗೆ ಕಟ್ಟುವುದು, ಕೆಂಡ ಮಾಡುವುದು, ಹೀಗೆ ಇಡೀ ಕಮ್ಮಟ ಕೈಗೆಲಸವಾಗಿಯೇ ಉಳಿಯಿತು.

ನಾಲ್ಕನೆಯವರು ನಾವು ಕರೆಯದೆ ಬಂದವರು. ನಿವೃತ್ತ ವಿಜ್ಞಾನ ಮಾಸ್ತರ್ರು, ಹಿಂದೆ ಶಾಲೆ ಶಾಲೆಗೆ ಹೋಗಿ ಪವಾಡ ಬಯಲು ಕಾರ್ಯಕ್ರಮ ಮಾಡಿದವರು. ಸುದ್ದಿ ಕೇಳಿ ಸಿಟ್ಟಿನಿಂದಲೇ ಬಂದಿದ್ದರು. ಚಹಾ ಕೊಟ್ಟು, "ಸರ್, ನೀವೂ ಕೂಡ್ರಿ. ತಪ್ಪು ಕಂಡಲ್ಲಿ ಅಲ್ಲೇ ಹೇಳ್ರಿ" ಎಂದೆ. ಕೂತರು. ಅವರಿಲ್ಲದಿದ್ದರೆ ಎರಡನೆಯ ಭಾನುವಾರ ಆಗುತ್ತಿರಲಿಲ್ಲ.

ಯಾವುದನ್ನು ಒಳಗೆ ಬಿಡಲಿಲ್ಲ

ಬಾನಾಮತಿ, ಅಂದರೆ ಒಂದು ಬಗೆಯ ಮಾಟ, ಎಂಬ ಮಾತು ಬಂದರೆ ನಮ್ಮ ಕಲಬುರಗಿ–ಬೀದರ ಕಡೆ ಈಗಲೂ ದನಿ ತಗ್ಗಿಸುತ್ತಾರೆ. ಅದು ಬೇಡ. ಮಾಟ ಮಾಡುವುದು, ತೆಗೆಯುವುದು ಬೇಡ. ಗಾಳಿ ಹಿಡಿದಿದೆ ಎಂದು ಜನರನ್ನು ಗಾಣಗಾಪುರಕ್ಕೆ ಕರೆದೊಯ್ಯುತ್ತಾರಲ್ಲ, ಆ ವಿಷಯವನ್ನೂ ಮುಟ್ಟಲಿಲ್ಲ. ಅಂಥ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು, ಅದಕ್ಕೇ ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಬಾಗಿಲ ಹತ್ತಿರ ಬರೆದಿಟ್ಟೆ. ಇಬ್ಬರು ಅದನ್ನು ಫೋನಿನಲ್ಲಿ ಬರೆದುಕೊಂಡು ಹೋದರು.

ಕಾನೂನನ್ನೂ ಮಾಸ್ತರ್ರ ಜೊತೆ ಕೂತು ಓದಿದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಆದ ಕರ್ನಾಟಕದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ನಿಧಿಯ ಆಸೆಗೆ ವಾಮಾಚಾರ ಮಾಡುವುದು ಅದರಡಿ ಅಪರಾಧ. ಅದಕ್ಕೆ ಕೆಲವೇ ದಿನ ಮುಂಚೆ, 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿಗೆ ಕಲಬುರಗಿ ಹತ್ತಿರದ ಹಳ್ಳಿಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತು ನಿಲ್ಲಿಸಿದ್ದರು. ಆ ಫೋಟೋ ನಾನು ಮರೆತಿಲ್ಲ. ಆ ಅವ್ವಂದಿರೂ ಮಕ್ಕಳ ಮೇಲಿನ ಪ್ರೀತಿಗೇ ಹಾಗೆ ಮಾಡಿದ್ದು. ಆದ್ದರಿಂದ ನಮ್ಮ ಕಮ್ಮಟಕ್ಕೆ ಒಂದು ಗೆರೆ ಹಾಕಿದೆ: ಕೂಸಿನ ಮೈಗೆ ನೋವಾಗುವ, ಕೂಸು ಹೆದರುವ, ಕೂಸಿನ ಹೊಟ್ಟೆಗೋ ಕಣ್ಣಿಗೋ ಹೋಗುವ ಯಾವುದೂ ಇಲ್ಲ. ಈ ಗೆರೆ ಸಾಲದು ಎಂಬುದು ಮೊದಲ ಭಾನುವಾರ ಗೊತ್ತಾಯಿತು.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲುವ ಚರಗವನ್ನೂ ಸೇರಿಸುವ ಆಸೆಯಿತ್ತು. ದೊಡ್ಡವ್ವ ಬೇಡವೆಂದಳು. ಚರಗ ಚೆಲ್ಲಲು ಹೊಲ ಬೇಕು, ಬೆಳೆ ನಿಂತಿರಬೇಕು. ಫರಸಿಯ ಮೇಲೆ ಚೆಲ್ಲಿದರೆ ಅದು ಬರೀ ಅನ್ನ ಚೆಲ್ಲಿದಂತೆ.

ಸಾಮಾನು, ಮತ್ತು ಮೊದಲೇ ಮಾಡಿ ನೋಡಿದ್ದು

ಹದಿನೆಂಟು ಜನಕ್ಕೆ ತಂದದ್ದು: ನಿಂಬೆಹಣ್ಣು 40, ಹಸಿಮೆಣಸಿನಕಾಯಿ ಒಂದು ಕಿಲೋ, ಒಣಮೆಣಸಿನಕಾಯಿ ಕಾಲು ಕಿಲೋ, ಹರಳುಪ್ಪು ಎರಡು ಕಿಲೋ, ಸಾಸಿವೆ ಅರ್ಧ ಕಿಲೋ, ಇದ್ದಿಲು ಐದು ಕಿಲೋ, ಫಿಟಕರಿ (ಪಟಿಕ) ಒಂದು ಕಿಲೋ, ಅರಿಶಿನ, ತಿನ್ನುವ ಸುಣ್ಣ, ಔಡಲೆಣ್ಣೆ (ಹರಳೆಣ್ಣೆ), ಕರಿದಾರದ ಉಂಡೆ, ಚಿಕ್ಕ ಕನ್ನಡಿ ಬಿಲ್ಲೆ. ಹೆಚ್ಚಿನದು ಗಂಜ್‌ನಲ್ಲಿ, ಉಳಿದದ್ದು ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕಿತು. ಎರಡು ಶೇಗಡಿ (ಇದ್ದಿಲಿನ ಒಲೆ) ಮನೆಯಲ್ಲೇ ಇದ್ದವು. ತಲೆಗೆ 150 ರೂಪಾಯಿ ಇಟ್ಟೆವು. ಕೂಲಿ ಕಳೆದು ಚಹಾ–ಸುಸಲಾಕ್ಕೆ ಸರಿಹೋಯಿತು.

ಬಾಗಿಲಿಗೆ ಕಟ್ಟುವ ಸರವನ್ನು ಮೊದಲು ಮಾಡಿ ನೋಡಿದೆ. ಒಂದು ನಿಂಬೆ, ಏಳು ಮೆಣಸಿನಕಾಯಿ, ಒಂದು ಇದ್ದಿಲ ಚೂರು, ಕೊನೆಗೆ ಒಂದು ಕೇರುಬೀಜ. ನಮ್ಮಲ್ಲಿ ಹಲವರು ಅದಕ್ಕೆ ಬಿಬ್ಬಾ ಅನ್ನುತ್ತಾರೆ. ಕೇರುಬೀಜಕ್ಕೆ ಸೂಜಿ ಇಳಿಯಲಿಲ್ಲ, ದಬ್ಬಣದಿಂದ ಒತ್ತಿದೆ. ಸಿಪ್ಪೆ ಸೀಳಿ ಕಪ್ಪು ಅಂಟು ಹೆಬ್ಬೆರಳಿಗೆ ತಾಗಿತು. ಎರಡನೆಯ ದಿನ ಉರಿ, ಮೂರನೆಯ ದಿನ ಬೊಬ್ಬೆ. ಆ ಅಂಟು ಚರ್ಮವನ್ನು ಸುಡುತ್ತದೆ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದದ್ದೂ ಇದನ್ನೇ, ಎಷ್ಟು ಒಗೆದರೂ ಹೋಗದ ಕಪ್ಪು. ಕೂಸುಗಳನ್ನು ಎತ್ತಿಕೊಂಡು ಬರುವ ಜಾಗದಲ್ಲಿ ಇದು ಇರಲೇಬಾರದು. ಅದರ ಬದಲಿಗೆ ಅಂಟಲಕಾಯಿ ಹಾಕಿದೆವು. ಅದೂ ದುಂಡಗೆ, ಕರ್ರಗೆ ಇರುತ್ತದೆ, ಬಿಸಿ ಮಾಡಿದ ದಬ್ಬಣಕ್ಕೆ ಸಲೀಸಾಗಿ ತೂತಾಗುತ್ತದೆ. ದೊಡ್ಡವ್ವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಕರ್ರಗ ಅದಲ್ಲ, ಸಾಕು" ಎಂದಳು.

ಸರ ಹೆಣೆಯುವವರು ಗಮನಿಸಬೇಕಾದದ್ದು: ಮೆಣಸಿನಕಾಯಿಯನ್ನು ತೊಟ್ಟಿನಲ್ಲೇ ಪೋಣಿಸಬೇಕು. ನಡುವೆ ಚುಚ್ಚಿದರೆ ಎರಡೇ ದಿನಕ್ಕೆ ಕೊಳೆಯುತ್ತದೆ. ನಿಂಬೆಗೆ ನಡುಮಧ್ಯ ಸೂಜಿ ಹಾಕದೆ ಸ್ವಲ್ಪ ಬದಿಗೆ ಹಾಕಿದರೆ ರಸ ಕಡಿಮೆ ಸೋರುತ್ತದೆ. ನಿಂಬೆಯ ವಿಟಮಿನ್ ಸಿ ದಾರದಿಂದ ಹಾದು ಗಾಳಿಗೆ ಸೇರಿ ಮನೆಯವರ ಆರೋಗ್ಯ ಕಾಯುತ್ತದೆ ಎಂಬ ಮಾತು ಎಲ್ಲರ ಫೋನಿನಲ್ಲೂ ಓಡಾಡುತ್ತಿದೆ. ಅದು ಸುಳ್ಳು, ವಿಟಮಿನ್ ಸಿ ಹಾಗೆ ಆವಿಯಾಗಿ ಹಾರುವಂಥದ್ದಲ್ಲ. ಇಂಥ ಹುಸಿ ವಿಜ್ಞಾನ ನನಗೆ ಮಂತ್ರಕ್ಕಿಂತ ಹೆಚ್ಚು ಬೇಸರ ತರುತ್ತದೆ. ಅಜ್ಜಿಯರು ಎಂದೂ ಹೇಳದ ಮಾತನ್ನು ಅವರ ಬಾಯಿಗೆ ತುರುಕಿದಂತೆ.

ನೆಲಕ್ಕೂ ಒಂದು ಪೆಟ್ಟು ಬಿತ್ತು. ನಿಂಬೆ ಹೆಚ್ಚುವಾಗ ಫರಸಿಯ ಮೇಲೆ ಬಿದ್ದ ಹನಿಗಳನ್ನು ಒರೆಸಲು ಮರೆತೆ. ಮರುದಿನ ಅಲ್ಲೆಲ್ಲ ಬೆಳ್ಳಗೆ, ಒರಟಾದ ಕಲೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಆದ್ದರಿಂದ ಹುಳಿ ಬಿದ್ದಲ್ಲಿ ತಿನ್ನುತ್ತದೆ. ಕಲೆ ಹೋಗುವುದಿಲ್ಲ, ಪಾಲಿಶ್ ಹಿಡಿಸಬೇಕು. ಅಂದಿನಿಂದ ನಿಂಬೆಯ ಕೆಲಸವೆಲ್ಲ ಸ್ಟೀಲ್ ಪರಾತದಲ್ಲಿ.

ಕಾಡಿಗೆಯನ್ನು ಹಿಂದಿನ ರಾತ್ರಿಯೇ ಕಟ್ಟಿದೆವು. ಔಡಲೆಣ್ಣೆಯ ದೀಪ, ಅದರ ಮೂರು ಬದಿಗೆ ಮೂರು ವಾಟಗ (ಬಟ್ಟಲು), ವಾಟಗಗಳ ಮೇಲೆ ಬೋರಲು ಹಾಕಿದ ಹಿತ್ತಾಳೆ ತಾಟು. ದೀಪದ ತುದಿ ತಾಟಿಗೆ ತಾಗಿಯೂ ತಾಗದಂತೆ ಇರಬೇಕು. ಹತ್ತಿರವಾದರೆ ದೀಪ ಕಂದುತ್ತದೆ, ದೂರವಾದರೆ ಮಸಿ ಕೂಡುವುದಿಲ್ಲ. ಇಡೀ ರಾತ್ರಿ ಉರಿದರೂ ಸಿಕ್ಕಿದ್ದು ಒಂದು ಚಿಟಿಕೆಯಷ್ಟೇ. ಅದಕ್ಕೆ ಎರಡು ಹನಿ ತುಪ್ಪ. ಕೂಸಿನ ಗಲ್ಲಕ್ಕೆ, ಅಂಗಾಲಿಗೆ ಮಾತ್ರ ಬೊಟ್ಟು. ಕಣ್ಣಿಗೆ ಹಚ್ಚುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿದೆವು.

ಮೊದಲ ಭಾನುವಾರ

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಯಾಡಿ ಕೂಸಿನ ಟೊಪ್ಪಿಗೆಗೆ ಕನ್ನಡಿ ಬಿಲ್ಲೆ ಕೂಡಿಸುವುದನ್ನು ಕಲಿಸಿದರು. ಹೊಲಿಗೆ ಬಲ್ಲವರೇ ಇದ್ದುದರಿಂದ ಒಂದು ತಾಸಿನಲ್ಲಿ ಮುಗಿಯಿತು. ಆಪಾ ಊದುದಾನಿಗೆ ಕೆಂಡ ಹಾಕಿ ಲೋಬಾನ ಉದುರಿಸುವ ಅಳತೆ ತೋರಿಸಿದರು: ಬಟಾಣಿ ಕಾಳಿನಷ್ಟು, ಅದಕ್ಕಿಂತ ಹೆಚ್ಚಲ್ಲ. ಕೂಸು ಇದ್ದರೆ ಹೊಗೆ ಬಾಗಿಲ ಕಡೆಗೆ, ಕೂಸಿನ ಮುಖದ ಕಡೆಗೆ ಅಲ್ಲ.

ಮಧ್ಯಾಹ್ನ ಫಿಟಕರಿ. ಇದು ಎಲ್ಲರೂ ಕಾಯುತ್ತಿದ್ದ ಭಾಗ. ಫಿಟಕರಿ ತುಂಡನ್ನು ಕೂಸಿನ ಸುತ್ತ ನಿವಾಳಿಸಿ ಕೆಂಡದ ಮೇಲಿನ ಕಬ್ಬಿಣದ ಹಂಚಿಗೆ ಹಾಕುತ್ತಾರೆ. ಕರಗುತ್ತದೆ, ಗುಳುಗುಳು ಕುದಿಯುತ್ತದೆ, ನೋಡನೋಡುತ್ತ ಬೆಳ್ಳಗೆ ಉಬ್ಬಿ ಏನೋ ಒಂದು ಆಕಾರವಾಗಿ ಗಟ್ಟಿಯಾಗುತ್ತದೆ. ಆ ಆಕಾರದಲ್ಲಿ ಕಣ್ಣು ಹಾಕಿದವರ ಮುಖ ಕಾಣುತ್ತದೆ ಎನ್ನುವುದು ರೂಢಿ. ನಾನು ಈ ಮಾತನ್ನು ಹೇಳಿಯೂ ಬಿಟ್ಟೆ, ರೂಢಿಯಲ್ಲವೇ, ಇರಲಿ ಎಂದು.

ನಾಲ್ಕನೆಯ ತುಂಡು ಉಬ್ಬಿದಾಗ ಒಂದು ಬದಿಗೆ ಗಂಟಿನಂತೆ ಎದ್ದಿತು, ಕೆಳಗೆ ಮೂಗಿನಂಥ ಏಣು. "ತುರುಬು ನೋಡ್ರಿ, ಮೂಗು ನೋಡ್ರಿ, ಇದು ನಮ್ಮ ಎದುರಮನಿ ಆಯಿನೇ!" ಎಂದಳು ಒಬ್ಬಳು. ನಾಲ್ಕು ಮಂದಿ ಬಗ್ಗಿ ನೋಡಿದರು. ನಾಲ್ವರಿಗೂ ಕಂಡಿತು. ನಾನು ಎದ್ದು ತಡೆಯುವಷ್ಟರಲ್ಲಿ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿಯಾಗಿತ್ತು.

ಸಂಜೆಯ ಹೊತ್ತಿಗೆ ಓಣಿಯಲ್ಲಿ ಜಗಳ. ಆ ಎದುರುಮನೆಯವರು ಗಂಡನನ್ನು ಕಳೆದುಕೊಂಡು ಒಬ್ಬರೇ ಇರುವ ಮುದುಕಿ. ದಿನಾ ಆ ಕೂಸನ್ನು ಎತ್ತಿ ಆಡಿಸುತ್ತಿದ್ದವರು. ಮರುದಿನ ಹೋದೆ. ಅರ್ಧ ಬಾಗಿಲು ತೆರೆದು ನಿಂತರು. "ನಾ ಏನ್ ಮಾಡೀನಿ ಯವ್ವಾ? ಕೂಸಿಗಿ ಎತ್ತಿಕೊಂಡಿದ್ದೇ ತಪ್ಪಾತೇನು?" ಎಂದರು. ನನ್ನ ಕಡೆಯಿಂದ ತಪ್ಪಾಗಿದೆ ಎಂದು ಕೈಮುಗಿದೆ. ಒಳಗೆ ಕರೆಯಲಿಲ್ಲ.

ಇದನ್ನು ನಾನು ಮೊದಲೇ ನೋಡಿದ್ದೆ, ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ನಾನು ಎಂಟೋ ಒಂಬತ್ತೋ ವರ್ಷದವಳಿದ್ದಾಗ ತಮ್ಮನಿಗೆ ಹುಷಾರಿರಲಿಲ್ಲ. ಆಯಿ ಫಿಟಕರಿ ಸುಟ್ಟಳು. ನೋಡಲು ಬಂದವರಲ್ಲಿ ಯಾರೋ ಒಬ್ಬರು, ನಮ್ಮ ಹಿಂದಿನ ಮನೆಯ ಮಕ್ಕಳಿಲ್ಲದ ಕಾಕಿಯ ಹೆಸರು ಹೇಳಿದರು. ಆಯಿ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಆ ಕಾಕಿ ನನಗೆ ಮೊದಲ ಸಲ ಸೂಜಿಗೆ ದಾರ ಪೋಣಿಸಲು ಕಲಿಸಿದವಳು. ಅಂದಿನಿಂದ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ರಿಪೇರಿ

ಮುಂದಿನ ಎರಡು ವಾರ ಫಿಟಕರಿಯ ಹಿಂದೆಯೇ ಬಿದ್ದೆವು. ಆ ಭಾಗವನ್ನೇ ತೆಗೆದುಬಿಡಿ ಎಂದರು ಮಾಸ್ತರ್ರು. ತೆಗೆದರೆ ಜನ ಮನೆಗೆ ಹೋಗಿ ಮಾಡುತ್ತಾರೆ, ಮನೆಯಲ್ಲಿ ಹೆಸರು ಹೇಳುತ್ತಾರೆ ಎಂದೆ ನಾನು. ಅದು ಏನಾಗುತ್ತದೆ ಎಂಬುದನ್ನು ಇಟ್ಟು ನೋಡಿಯೇ ತೀರೋಣ ಎಂದಾಯಿತು.

ಅಡುಗೆಮನೆಯ ತಕ್ಕಡಿಯಲ್ಲಿ ಇಪ್ಪತ್ತು ಗ್ರಾಂ ತೂಗಿ ಹಂಚಿಗೆ ಹಾಕಿದೆವು. ಪೂರ್ತಿ ಉಬ್ಬಿ ಕುದಿ ನಿಂತ ಮೇಲೆ ತೂಗಿದರೆ ಹನ್ನೊಂದು ಗ್ರಾಂ. ಉಳಿದದ್ದು ನೀರು, ಆವಿಯಾಗಿ ಹೋಗಿತ್ತು. ಫಿಟಕರಿಯ ಹರಳಿನೊಳಗೆ ನೀರು ಕಟ್ಟಿಕೊಂಡಿರುತ್ತದೆ, ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು. 92 ಡಿಗ್ರಿ ಸುತ್ತಮುತ್ತ ಅದು ತನ್ನ ನೀರಿನಲ್ಲೇ ಕರಗುತ್ತದೆ. ನೀರು ಆವಿಯಾಗಿ ಹೊರಬರಲು ನುಗ್ಗುವಾಗ ಗಟ್ಟಿಯಾಗುತ್ತಿರುವ ಮೈಯನ್ನು ಉಬ್ಬಿಸುತ್ತದೆ, ರೊಟ್ಟಿ ಉಬ್ಬಿದ ಹಾಗೆ. ಯಾವ ಕಡೆ ಕೆಂಡ ಜೋರಿದೆಯೋ ಆ ಕಡೆ ಗಂಟು ಏಳುತ್ತದೆ. ಹಂಚನ್ನು ಬೇಕೆಂದೇ ಓರೆ ಇಟ್ಟು ನೋಡಿದೆವು, ಮೂರು ಸಲವೂ ಬಿಸಿ ಹೆಚ್ಚಿದ್ದ ಬದಿಯಲ್ಲೇ "ತುರುಬು" ಎದ್ದಿತು.

ಹರಳುಪ್ಪು ಚಟಚಟ ಸಿಡಿಯುವುದೂ ಒಳಗಿರುವ ನೀರಿನ ಹನಿ ಆವಿಯಾಗಿಯೇ. ಸಾಸಿವೆಯೂ ಹಾಗೆಯೇ. ಮೆಣಸಿನಕಾಯಿಯದು ಇನ್ನೊಂದು ಕಥೆ. ನೆದರು ಇದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಧಗಧಗ ಉರಿಯುವ ಜ್ವಾಲೆಗೆ ನಾಲ್ಕು ಹಾಕಿದೆ, ಘಾಟು ಅಷ್ಟಕ್ಕಷ್ಟೇ. ಬೂದಿ ಮುಚ್ಚಿದ ಕೆಂಡಕ್ಕೆ ನಾಲ್ಕು ಹಾಕಿದೆ, ಮಾಸ್ತರ್ರು ಕೆಮ್ಮುತ್ತ ಅಂಗಳಕ್ಕೆ ಓಡಿದರು. ಮೇಲಿನ ಮಾಳಿಗೆಯವರು ಕಿಟಕಿ ಮುಚ್ಚಿದ ಸದ್ದೂ ಕೇಳಿಸಿತು. ಕಮ್ಮಟದಲ್ಲಿ ಮೆಣಸಿನಕಾಯಿ ಸುಡುವುದನ್ನು ಕೈಬಿಟ್ಟೆವು, ಹದಿನೆಂಟು ಜನ, ಅದರಲ್ಲಿ ಕೂಸುಗಳು. ಉಪ್ಪು, ಸಾಸಿವೆ ಸಾಕು.

ಮಾಸ್ತರ್ರು ಒಂದು ಪರೀಕ್ಷೆ ಕಟ್ಟಿದರು. ಒಂದೇ ಫಿಟಕರಿ ಗಡ್ಡೆಯಿಂದ ಎರಡೆರಡು ತುಂಡು ಒಡೆಯಬೇಕು. ಒಂದನ್ನು ಮನುಷ್ಯರಿಗೆ ನಿವಾಳಿಸಬೇಕು, ಇನ್ನೊಂದನ್ನು ಬೀಸುವ ಕಲ್ಲಿಗೆ. ಯಾವುದು ಯಾವುದೆಂದು ತಾಟಿನ ತಳಕ್ಕೆ ಮಾತ್ರ ಬರೆದಿರಬೇಕು. ಸುಟ್ಟ ಮೇಲೆ ನೋಡುವವರು ಮುಖ ಹುಡುಕಬೇಕು. ನಾವು ಐದು ಜೋಡಿ ಮಾಡಿದೆವು. ಬೀಸುವ ಕಲ್ಲಿಗೆ ನಿವಾಳಿಸಿದ ತುಂಡುಗಳಲ್ಲೂ ನನಗೆ ಮುಖ ಕಂಡವು. ಒಂದರಲ್ಲಂತೂ ಕಣ್ಣು, ಹುಬ್ಬು ಎಲ್ಲ.

ಇಷ್ಟು ಸಾಕೆಂದುಕೊಂಡೆ. ದೊಡ್ಡವ್ವನಿಗೆ ಸಾಕಾಗಲಿಲ್ಲ. ಸಂಜೆ ಶೇಗಡಿಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡು ಆಮೇಲೆ ಹೇಳಿದಳು: "ಮೂರು ಹಾದಿ ಕೂಡೋ ಜಾಗದಾಗ ನಿವಾಳಿಸಿ ಚೆಲ್ಲಿ ಬರುವಾಗ ಹಿಂದಕ್ಕ ಹೊಳ್ಳಿ ನೋಡಬಾರ್ದು ಅಂತೀವಿಲ್ಲ, ಯಾಕ ಅಂತೀವಿ? ಹೋಗಿದ್ದು ಹೋಗಲಿ ಅಂತ. ಹಾದ್ಯಾಗ ಚೆಲ್ಲಿದ್ದಕ್ಕೇ ಹೊಳ್ಳಿ ನೋಡಬಾರ್ದು ಅಂದ್ರ, ಹಂಚಿನಾಗ ಸುಟ್ಟಿದ್ದಕ್ಕ ಯಾಕ ಬಗ್ಗಿ ನೋಡ್ತೀರಿ? ಮುಚ್ಚಿ ಸುಡ್ರಿ. ನೋಡದೇ ನೀರಿಗಿ ಹಾಕ್ರಿ."

ಮಾಸ್ತರ್ರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ನೋಟುಬುಕ್ಕಿನಲ್ಲಿ ಅದನ್ನು ಬರೆದುಕೊಂಡರು.

ನನ್ನ ಗೆರೆ ಕೂಸಿನ ಮೈಯನ್ನಷ್ಟೇ ಕಾಯುತ್ತಿತ್ತು. ಎದುರುಮನೆಯ ಮುದುಕಿ ಆ ಗೆರೆಯ ಆಚೆ ಉಳಿದಿದ್ದರು. ಗೋಡೆಯ ಹಾಳೆಯ ಮೇಲೆ ಇನ್ನೊಂದು ಸಾಲು ಬರೆದೆ: ನೆದರು ಇಳಿಸುತ್ತೇವೆ, ಯಾರ ನೆದರು ಎಂದು ಹೇಳುವುದಿಲ್ಲ.

ದಾರಿಗೆ ಚೆಲ್ಲುವುದನ್ನೂ ಬಿಟ್ಟೆವು. ನಿವಾಳಿಸಿದ ಉಪ್ಪು–ಸಾಸಿವೆ ಶೇಗಡಿಗೆ. ಬಾಗಿಲಿನ ಸರ ಒಣಗಿದರೆ ಗಿಡದ ಬುಡಕ್ಕೆ ಹೂಳುವುದು. ದಾರಿಗೆ ಚೆಲ್ಲಿದ್ದನ್ನು ತುಳಿದು ಅಂಜಿ ಮನೆಗೆ ಹೋಗುವವರೂ ಯಾರದೋ ಮಕ್ಕಳೇ.

ಎರಡನೆಯ ಭಾನುವಾರ

ಮೊದಲ ಸಲ ಬಂದವರಲ್ಲಿ ಹದಿನಾಲ್ಕು ಮಂದಿ ಮತ್ತೆ ಬಂದರು. ಫೋಟೋ ಹಾಕಿದ್ದ ಹುಡುಗಿಯೂ ಬಂದಳು, ಹಿಂದಿನ ಸಾಲಿನಲ್ಲಿ ಕೂತಳು.

ಈ ಸಲ ಕೆಂಪು ನೀರಿನಿಂದ ಶುರು ಮಾಡಿದೆವು. ಪರಾತದಲ್ಲಿ ನೀರು, ಅರ್ಧ ಚಮಚ ಅರಿಶಿನ, ಕಡಲೆಯಷ್ಟು ಸುಣ್ಣ. ಬೆರಳಿನಿಂದ ಕಲಕಿದ ಕಡೆಯೆಲ್ಲ ಹಳದಿ ಓಡಿಹೋಗಿ ಕೆಂಪು ಹರಡುತ್ತದೆ. ನಾನು ಚಿಕ್ಕಂದಿನಿಂದ ನೋಡುತ್ತಿದ್ದರೂ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಅರಿಶಿನ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅದೇ ನೀರಿಗೆ ನಿಂಬೆ ಹಿಂಡಿದರೆ ಮತ್ತೆ ಹಳದಿ. ಎಲ್ಲರೂ ಎರಡು ಮೂರು ಸಲ ಆಕಡೆ ಈಕಡೆ ಮಾಡಿ ನೋಡಿದರು. ಆಮೇಲೆ ಮಾಸ್ತರ್ರು ಚಾಕು ತೆಗೆದು ನಿಂಬೆ ಹೆಚ್ಚಿದರು, ಹೋಳಿನಿಂದ ರಕ್ತದಂಥ ಕೆಂಪು ಇಳಿಯಿತು. ಇಬ್ಬರು ಹಿಂದೆ ಸರಿದರು. ಚಾಕುವಿಗೆ ದಾಸವಾಳದ ಎಸಳು ತಿಕ್ಕಿ ಒಣಗಿಸಿದ್ದರು. ಆ ಬಣ್ಣಕ್ಕೆ ಹುಳಿ ತಾಗಿದರೆ ಕೆಂಪು. "ನಿಂಬಿಹಣ್ಣಿನಾಗ ರಕ್ತ ಬಂತು, ನಿಮ್ಮ ಮನಿಗಿ ಮಾಟ ಆಗ್ಯಾದ, ಇಷ್ಟು ಸಾವಿರ ಕೊಡ್ರಿ ಅಂತ ಯಾರರ ಬಂದ್ರ ಮೊದಲು ಅವರ ಚಾಕು ತೊಳಿಸ್ರಿ" ಎಂದರು. ಎಲ್ಲರ ಕೈಗೂ ದಾಸವಾಳ ಕೊಟ್ಟು ಮಾಡಿಸಿದೆವು. ತಮ್ಮ ಕೈಯಲ್ಲೇ ರಕ್ತ ಇಳಿಸಿದ ಮೇಲೆ ಆ ಹಿಂದೆ ಸರಿದ ಇಬ್ಬರ ಮುಖ ನೋಡಬೇಕಿತ್ತು.

ಫಿಟಕರಿಗೆ ಬಂದಾಗ ಮೊದಲು ಬೀಸುವ ಕಲ್ಲಿನ ಪರೀಕ್ಷೆ. ಒಂಬತ್ತು ಜೋಡಿ. ಕಂಡದ್ದನ್ನು ಹಾಳೆಯ ಮೇಲೆ ಗೀಚಲು ಹೇಳಿದೆವು, ಬಾಯಿಬಿಟ್ಟು ಹೇಳುವಂತಿಲ್ಲ. ನಾಯಿ, ಗಣಪತಿ, ತುರುಬು, ಮೋಡ, ಹಲ್ಲಿಲ್ಲದ ಬಾಯಿ ಎಲ್ಲ ಬಂದವು. ಒಂದೇ ತುಂಡಿನಲ್ಲಿ ಒಬ್ಬರಿಗೆ ಹೆಂಗಸು, ಪಕ್ಕದವರಿಗೆ ಆಮೆ. ತಾಟು ಹೊಳ್ಳಿಸಿ ನೋಡಿದಾಗ ಅತಿ ಚೆಂದದ ಮುಖ ಕಂಡದ್ದು ಬೀಸುವ ಕಲ್ಲಿನದರಲ್ಲೇ. ಹಿಂದಿನ ಸಾಲಿನ ಹುಡುಗಿ ಆ ತಾಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ.

ಅದಾದ ಮೇಲೆ ದೊಡ್ಡವ್ವ ಮಣೆಯ ಮೇಲೆ ಕೂತು ಕೈ ಕಲಿಸಿದಳು. ಈ ಭಾಗವನ್ನು ನಿಧಾನವಾಗಿ ಬರೆಯುತ್ತೇನೆ, ವಿಡಿಯೋದಲ್ಲಿ ಇದು ಸಿಗುವುದಿಲ್ಲ. ಕೂಸು ಅವ್ವನ ತೊಡೆಯ ಮೇಲೆ ಮೂಡಣಕ್ಕೆ ಮುಖ ಮಾಡಿರಬೇಕು. ಬಲಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಫಿಟಕರಿ ತುಂಡು. ಮುಷ್ಟಿ ಬಿಗಿಯಬಾರದು, ಕೆಳಗೆ ಉದುರಲೂಬಾರದು. ತಲೆಯಿಂದ ಕಾಲಿನವರೆಗೆ ಬಲಕ್ಕೆ ಮೂರು ಸುತ್ತು, ಎಡಕ್ಕೆ ಮೂರು ಸುತ್ತು. ಸುತ್ತು ಅವಸರದ್ದಾಗಬಾರದು. ದೊಡ್ಡವ್ವನ ಕೈ ಕೂಸಿನ ಮೈಯಿಂದ ಗೇಣು ದೂರದಲ್ಲಿ, ತೊಟ್ಟಿಲು ತೂಗುವ ವೇಗದಲ್ಲಿ ಸಾಗುತ್ತದೆ. ಹಣೆಯ ಮುಂದೆ ಬಂದಾಗ ಒಂದು ಗಳಿಗೆ ನಿಲ್ಲುತ್ತದೆ, ಕೂಸು ಆ ಮುಷ್ಟಿಯನ್ನೇ ನೋಡುತ್ತದೆ, ಕಣ್ಣು ಅದರ ಹಿಂದೆ ಹೋಗುತ್ತದೆ. ಎರಡನೆಯ ಸುತ್ತಿನ ಹೊತ್ತಿಗೆ ಅಳು ಬಿಕ್ಕಾಗಿತ್ತು. ಬಾಯಲ್ಲಿ ಮೆಲ್ಲನೆ ಒಂದೇ ಧಾಟಿಯ ಮಾತು. ಇದು ಮಂತ್ರ ಅಲ್ಲ, ಎಲ್ಲರದು, ಬರೆದುಕೊಳ್ಳಿ ಎಂದು ಆಕೆಯೇ ಹೇಳಿದಳು:

"ಹೋದವರ ಕಣ್ಣ, ಬಂದವರ ಕಣ್ಣ, ನಾಯಿ ಕಣ್ಣ, ನರಿ ಕಣ್ಣ, ಓಣಿ ಕಣ್ಣ, ಊರ ಕಣ್ಣ, ಎತ್ತಿ ಆಡಿಸಿದವರ ಕಣ್ಣ, ಹಡೆದವ್ವನ ಕಣ್ಣ, ನನ್ನ ಕಣ್ಣ, ಎಲ್ಲಾ ಸುಟ್ಟು ಹೋಗಲಿ."

ಕೂಸಿನ ಅವ್ವ ತಲೆಯೆತ್ತಿದಳು. "ಹಡೆದವ್ವಂದೂ ಬೀಳ್ತದೇನ್ರಿ?"

"ಎಲ್ಲಾರಕಿಂತ ಮೊದಲು ನಿಂದೇ ಬೀಳೋದು. ದಿನಾ ನೋಡಿ ನೋಡಿ ಹಿಗ್ಗಾಕಿ ಯಾರು, ನೀ ಅಲ್ಲೇನು? ನಾ ಈಗ ನೋಡಲತ್ತೀನಿ, ನಂದೂ ಬಿತ್ತು."

ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದುಕೊಂಡ ಸದ್ದು. ಮೊದಲ ಭಾನುವಾರ ಈ ಸಾಲುಗಳನ್ನು ಹೇಳಿಸಿಯೇ ಇರಲಿಲ್ಲ, ಸಮಯ ಸಾಲದೆಂದು ನಾನೇ ಬಿಟ್ಟಿದ್ದೆ. ಕಮ್ಮಟ ಮಾಡುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟೇ, ಬೇರೆ ಏನನ್ನಾದರೂ ಬಿಡಿ, ಆ ಪಟ್ಟಿಯನ್ನು ಬಿಡಬೇಡಿ. ಅದರಲ್ಲಿ ಎಲ್ಲರೂ ಇದ್ದಾರೆ.

ಮುಷ್ಟಿಯಲ್ಲಿದ್ದದ್ದನ್ನು ಹಂಚಿಗೆ ಹಾಕಿ ಮೇಲೆ ಮಣ್ಣಿನ ಗಡಿಗೆ ಬೋರಲು ಮುಚ್ಚಿದೆವು. ಗಡಿಗೆಯ ತಳಕ್ಕೆ ಒಂದು ಸಣ್ಣ ತೂತು ಮಾಡಿಟ್ಟಿದ್ದೆ, ಇಲ್ಲದಿದ್ದರೆ ಆವಿ ಕಟ್ಟಿಕೊಳ್ಳುತ್ತದೆ. ಒಳಗೆ ಉಪ್ಪು ಚಟಚಟ, ಫಿಟಕರಿ ಗುಳುಗುಳು. ಸದ್ದು ನಿಂತ ಮೇಲೆ ಹತ್ತು ನಿಮಿಷ ಆರಲು ಬಿಟ್ಟು, ಮುಖ ತಿರುಗಿಸಿಕೊಂಡೇ ಇಕ್ಕಳದಿಂದ ಹಂಚನ್ನು ಎತ್ತಿ ಬಕೆಟ್ಟಿಗೆ ಮಗುಚಿದೆವು. ಬಕೆಟ್ಟಿನ ನೀರು ಅಂದು ಬೆಳಿಗ್ಗೆ ನಳಕ್ಕೆ ಬಂದದ್ದೇ, ಮಳೆಗಾಲದ ಹೊಳೆ ನೀರು, ಮಣ್ಣು ಬಣ್ಣ. ಬಂದವರೆಲ್ಲ ಒಬ್ಬೊಬ್ಬರಾಗಿ ಮಗುಚಿ, ಹೊಳ್ಳಿ ನೋಡದೆ ಹೋಗಿ ಚಹಾಕ್ಕೆ ಕೂತರು.

ಇನ್ನೂ ಸರಿಯಾಗದ್ದು ಎರಡಿವೆ. ಗಡಿಗೆ ಮೂರನೆಯ ಸಲಕ್ಕೆ ಬಿರುಕು ಬಿಟ್ಟಿತು, ಮುಂದಿನ ಸಲ ಕಬ್ಬಿಣದ ಬೋಗುಣಿ ತರಬೇಕು. ಮತ್ತು ಆ ಎದುರುಮನೆಯ ಆಯಿಯ ಬಾಗಿಲು. ಹುಡುಗಿ ಗ್ರೂಪಿನಿಂದ ಫೋಟೋ ತೆಗೆದಿದ್ದಾಳೆ, ಕೂಸನ್ನು ಎತ್ತಿಕೊಂಡು ಎರಡು ಸಲ ಹೋಗಿ ಬಂದಿದ್ದಾಳೆ. ಎರಡನೆಯ ಸಲ ಕೂರಲು ಚಾಪೆ ಹಾಕಿದರಂತೆ, ಕೂಸನ್ನು ಎತ್ತಿಕೊಳ್ಳಲಿಲ್ಲವಂತೆ.

ಮರುದಿನ ಬೆಳಿಗ್ಗೆ ಮಷಿನ್‌ಗಳನ್ನು ಜಾಗಕ್ಕೆ ಸರಿಸುವ ಮುಂಚೆ ಬಕೆಟ್ ನೋಡಿದೆ. ಸುಟ್ಟ ಫಿಟಕರಿ ಬಹುಪಾಲು ಕರಗಿತ್ತು. ಮಣ್ಣೆಲ್ಲ ಒಗ್ಗೂಡಿ ತಳಕ್ಕೆ ಇಳಿದಿತ್ತು, ಹಿಂದೆ ನಮ್ಮ ಆಯಿ ಮಳೆಗಾಲದಲ್ಲಿ ಕೊಡದ ನೀರಿಗೆ ಫಿಟಕರಿ ತಿರುವಿ ತಿಳಿ ಮಾಡುತ್ತಿದ್ದಳಲ್ಲ, ಹಾಗೆ. ಮೇಲಿನ ನೀರು ತಿಳಿಯಾಗಿ ಬಕೆಟ್ಟಿನ ತಳದ ಗೀರುಗಳೂ ಕಾಣುತ್ತಿದ್ದವು. ಅಲುಗದಂತೆ ಬಗ್ಗಿಸಿಕೊಂಡು, ಅಂಗಳದ ಬಚ್ಚಲ ಕಲ್ಲು ತೊಳೆದೆ.